ಒಂದೇ ಕಾರು, 19 ವರ್ಷ

ಆಪರೇಷನ್ಸ್ ಮ್ಯಾನೇಜ್‌ಮೆಂಟ್ ಪುಸ್ತಕಗಳಲ್ಲಿ ಹೆನ್ರಿ ಫೋರ್ಡ್ ಹೆಸರು ಅಸೆಂಬ್ಲಿ ಲೈನ್ ಅನ್ನೋ ಪದದ ಪಕ್ಕದಲ್ಲಿ ಒಂದು ಸಲ ಬಂದು ಹೋಗುತ್ತೆ. ಎರಡು ಮಾರ್ಕ್ಸಿನ ಪ್ರಶ್ನೆಗೆ ಅಷ್ಟು ಸಾಕು. ಆದರೆ ಪ್ರೋಸೆಸ್ ಸ್ಟ್ರಾಟೆಜಿ ಒಂದು ಯೂನಿಟ್, ಕೆಪಾಸಿಟಿ ಪ್ಲ್ಯಾನಿಂಗ್ ಇನ್ನೊಂದು ಯೂನಿಟ್ ಅಂತ ನಾವು ಬಿಡಿಬಿಡಿಯಾಗಿ ಓದೋದೆಲ್ಲ ಈ ಮನುಷ್ಯನ ಜೀವನದಲ್ಲಿ ಒಟ್ಟಿಗೇ ನಡೆದಿದೆ. ಅವನು ಗೆದ್ದಿದ್ದೂ ಅದರಿಂದ, ಎಡವಿ ಬಿದ್ದಿದ್ದೂ ಅದರಿಂದಲೇ. ಹಾಗಾಗಿ ಈ ಸಲ ಅವನ ಕಥೆ.

ಫೋರ್ಡ್ ಹುಟ್ಟಿದ್ದು 1863ರ ಜುಲೈ 30ರಂದು, ಅಮೆರಿಕದ ಮಿಷಿಗನ್ ರಾಜ್ಯದ ಒಂದು ರೈತರ ಮನೆಯಲ್ಲಿ. ಅಪ್ಪ ಐರ್ಲೆಂಡಿನಿಂದ ಬಂದು ನೆಲೆಸಿದವರು. ಹುಡುಗನಿಗೆ ಹೊಲದ ಕೆಲಸ ಅಂದ್ರೆ ಆಗ್ತಿರಲಿಲ್ಲ, ಗಡಿಯಾರ ಸಿಕ್ಕರೆ ಬಿಚ್ಚಿ ಮತ್ತೆ ಜೋಡಿಸ್ತಾ ಕೂರುತ್ತಿದ್ದ. 12ನೇ ವಯಸ್ಸಿಗೆ ಅಮ್ಮ ತೀರಿಕೊಂಡರು. 16ಕ್ಕೆ ಮನೆ ಬಿಟ್ಟು ಡೆಟ್ರಾಯಿಟ್‌ಗೆ ಹೋಗಿ ಮಷೀನ್ ಶಾಪಿನಲ್ಲಿ ಕೆಲಸ ಕಲಿಯೋಕೆ ಸೇರಿಕೊಂಡ. ಅವನ ಹತ್ತಿರ ಯಾವ ಡಿಗ್ರಿಯೂ ಇರಲಿಲ್ಲ ಅನ್ನೋದನ್ನು ನಾವು ಇಲ್ಲಿ ಜಾಸ್ತಿ ಎಳೆಯೋದು ಬೇಡ, ಮನೆಯವರು ಓದಿದರೆ ಕಷ್ಟ!

1891ರಲ್ಲಿ ಎಡಿಸನ್ ಇಲ್ಯುಮಿನೇಟಿಂಗ್ ಕಂಪನಿಯಲ್ಲಿ ಎಂಜಿನಿಯರ್ ಆದ, ಎರಡೇ ವರ್ಷಕ್ಕೆ ಚೀಫ್ ಎಂಜಿನಿಯರ್. ರಾತ್ರಿ ಹೊತ್ತು ಮನೆ ಹಿಂದಿನ ಶೆಡ್ಡಿನಲ್ಲಿ ಸೈಕಲ್ ಚಕ್ರದಂಥ ನಾಲ್ಕು ಚಕ್ರಗಳ ಗಾಡಿಯೊಂದನ್ನು ಕಟ್ಟುತ್ತಿದ್ದ. 1896ರ ಜೂನ್‌ನಲ್ಲಿ ಅದು ರೆಡಿಯಾಯ್ತು. ಆದರೆ ಶೆಡ್ಡಿನ ಬಾಗಿಲು ಗಾಡಿಗಿಂತ ಚಿಕ್ಕದು! ಕೊಡಲಿ ತಗೊಂಡು ಇಟ್ಟಿಗೆ ಗೋಡೆ ಒಡೆದು ಗಾಡಿ ಹೊರಗೆ ತಂದ. ಮುಂದೆ ಜಗತ್ತಿಗೇ ಪ್ಲಾಂಟ್ ಲೇಔಟ್ ಕಲಿಸಿದವನ ಮೊದಲ ಪ್ಲಾಂಟ್ ಲೇಔಟ್ ಇದು.

ಆಮೇಲೆ ಸ್ವಲ್ಪ ಕಾಲ ಬರೀ ಸೋಲು. 1899ರಲ್ಲಿ ಸೇರಿದ ಮೊದಲ ಕಂಪನಿ 1901ರಲ್ಲಿ ಮುಚ್ಚಿತು. ಎರಡನೇ ಕಂಪನಿಯಿಂದ 1902ರಲ್ಲಿ ಅವನೇ ಹೊರಗೆ ಬಂದ, ಆ ಕಂಪನಿ ಕ್ಯಾಡಿಲಾಕ್ ಆಯ್ತು. 1903ರ ಜೂನ್ 16ರಂದು ಶುರುವಾದ ಮೂರನೆಯದೇ ಫೋರ್ಡ್ ಮೋಟಾರ್ ಕಂಪನಿ. ಮೊದಮೊದಲು ಅಲ್ಲಿ ಹಲವು ಮಾಡೆಲ್ ಮಾಡ್ತಿದ್ರು. 1908ರ ಅಕ್ಟೋಬರ್‌ನಲ್ಲಿ ಮಾಡೆಲ್ ಟಿ ಬಂತು, ಬೆಲೆ ಸುಮಾರು 850 ಡಾಲರ್. ಹಳ್ಳಿಯ ಕೆಸರು ರಸ್ತೆಯಲ್ಲೂ ಓಡುವ, ರೈತನೇ ರಿಪೇರಿ ಮಾಡ್ಕೊಳ್ಳಬಹುದಾದ ಕಾರು. ಸ್ವಲ್ಪ ದಿನಕ್ಕೆ ಫೋರ್ಡ್ ಉಳಿದ ಮಾಡೆಲ್‌ಗಳನ್ನೆಲ್ಲ ಕೈಬಿಟ್ಟು ಇದೊಂದನ್ನೇ ಮಾಡೋದು ಅಂತ ತೀರ್ಮಾನಿಸಿದ.

ಆ ತೀರ್ಮಾನ ಎಷ್ಟು ದೊಡ್ಡದು ಅಂತ ಗೊತ್ತಾಗೋಕೆ ಪ್ರೋಸೆಸ್ ಸ್ಟ್ರಾಟೆಜಿ ಸ್ವಲ್ಪ ನೋಡಬೇಕು. ಟೈಲರ್ ಅಂಗಡಿಗೆ ಹೋದರೆ ಯಾವ ಅಳತೆ, ಯಾವ ಬಟ್ಟೆ ಕೊಟ್ಟರೂ ಹೊಲಿದುಕೊಡ್ತಾರೆ, ಆದರೆ ದಿನಕ್ಕೆ ನಾಲ್ಕೈದು ಅಂಗಿ ಅಷ್ಟೇ. ಇಡ್ಲಿ ಸ್ಟ್ಯಾಂಡಿನಲ್ಲಿ ಒಂದೇ ಸಲಕ್ಕೆ ರಾಶಿ ಇಡ್ಲಿ ಬೇಯುತ್ತೆ, ಆದರೆ ಅದರಲ್ಲಿ ದೋಸೆ ಹುಯ್ಯೋಕಾಗಲ್ಲ. ವೆರೈಟಿ ಬೇಕಾ, ವಾಲ್ಯೂಮ್ ಬೇಕಾ ಅನ್ನೋ ಪ್ರಶ್ನೆಗೆ ಅವತ್ತಿನ ಕಾರು ಕಂಪನಿಗಳೆಲ್ಲ ಹೆಚ್ಚುಕಡಿಮೆ ಟೈಲರ್ ಅಂಗಡಿಗಳೇ. ಫೋರ್ಡ್ ಇಡ್ಲಿ ಸ್ಟ್ಯಾಂಡ್ ಆರಿಸಿಕೊಂಡ.

1910ರಲ್ಲಿ ಹೈಲ್ಯಾಂಡ್ ಪಾರ್ಕ್‌ನಲ್ಲಿ ಹೊಸ ಫ್ಯಾಕ್ಟರಿ ಶುರುವಾಯ್ತು. ಅಲ್ಲಿನ ಮಷೀನ್‌ಗಳು ಒಂದೇ ಕೆಲಸಕ್ಕೆ ಅಂತ ಮಾಡಿಸಿದಂಥವು. ಒಂದು ಡ್ರಿಲ್ಲಿಂಗ್ ಮಷೀನ್ ಎಂಜಿನ್ ಬ್ಲಾಕಿಗೆ ನಾಲ್ಕೂ ಕಡೆಯಿಂದ ಒಂದೇ ಸಲಕ್ಕೆ 45 ರಂಧ್ರ ಕೊರೀತಿತ್ತು. ಮಾಡೆಲ್ ಟಿ ಬ್ಲಾಕ್ ಬಿಟ್ಟು ಬೇರೆ ಏನನ್ನೂ ಅದಕ್ಕೆ ಕೊಡೋ ಹಾಗಿಲ್ಲ. ಈ ಮಷೀನನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

1913ರ ಏಪ್ರಿಲ್‌ನಲ್ಲಿ ಮ್ಯಾಗ್ನೆಟೋ ಜೋಡಿಸುವ ಕಡೆ ಒಂದು ಪ್ರಯೋಗ ಮಾಡಿದರು. ಅಲ್ಲಿವರೆಗೆ ಒಬ್ಬನೇ ಕೂತು ಇಡೀ ಮ್ಯಾಗ್ನೆಟೋ ಜೋಡಿಸುತ್ತಿದ್ದ, ಒಂದಕ್ಕೆ ಸುಮಾರು 20 ನಿಮಿಷ. ಆ ಕೆಲಸವನ್ನು 29 ತುಂಡು ಮಾಡಿ, 29 ಜನರನ್ನು ಸಾಲಾಗಿ ನಿಲ್ಲಿಸಿದರು. ಸಮಯ 13 ನಿಮಿಷಕ್ಕೆ ಇಳೀತು. ಬೆನ್ನು ಬಗ್ಗಿಸದ ಹಾಗೆ ಲೈನನ್ನು ಸ್ವಲ್ಪ ಎತ್ತರಿಸಿದರು, 7 ನಿಮಿಷ. ಮುಂದೆ 5. ಇದೇ ಐಡಿಯಾ ಚಾಸಿಗೂ ಬಂತು. ಮೊದಲು ಹಗ್ಗ ಕಟ್ಟಿ ರಾಟೆಯಿಂದ ಚಾಸಿಯನ್ನು ಎಳೀತಿದ್ರು, ಕೆಲಸದವರು ಅದರ ಜೊತೆ ನಡೀತಾ ದಾರಿ ಪಕ್ಕ ಜೋಡಿಸಿಟ್ಟ ಭಾಗಗಳನ್ನು ಸೇರಿಸಬೇಕು. ಆಮೇಲೆ ಸರಪಳಿ ಹಾಕಿದರು. ಹನ್ನೆರಡೂವರೆ ಗಂಟೆ ಹಿಡೀತಿದ್ದ ಚಾಸಿ ಜೋಡಣೆ 1914ರ ಹೊತ್ತಿಗೆ 93 ನಿಮಿಷಕ್ಕೆ ಬಂತು. ಇದೆಲ್ಲ ಫೋರ್ಡ್ ಒಬ್ಬನ ತಲೆಯಿಂದ ಬಂದಿದ್ದಲ್ಲ. ಶಿಕಾಗೋದ ಮಾಂಸದ ಕಾರ್ಖಾನೆಗಳಲ್ಲಿ ಪ್ರಾಣಿಯ ದೇಹ ಕೊಕ್ಕೆಗೆ ನೇತಾಡ್ತಾ ಕೆಲಸದವರ ಮುಂದೆ ಸರಿದುಹೋಗೋದನ್ನು ಅವನ ಜನ ನೋಡಿದ್ದರು. ಅಲ್ಲಿ ಬಿಚ್ಚೋದು, ಇಲ್ಲಿ ಜೋಡಿಸೋದು.

ಈಗ ಪುಸ್ತಕದಲ್ಲಿ ಬರದ ಭಾಗ. ಇಡೀ ದಿನ ಒಂದೇ ನಟ್ಟು ತಿರುಗಿಸ್ತಾ ನಿಲ್ಲೋಕೆ ಯಾರಿಗೆ ಇಷ್ಟ ಆಗುತ್ತೆ? ಜನ ಕೆಲಸ ಬಿಟ್ಟು ಓಡಿಹೋಗ್ತಿದ್ರು. 1913ರಲ್ಲಿ ಟರ್ನೋವರ್ 370 ಪರ್ಸೆಂಟ್, ಅಂದ್ರೆ 100 ಕೆಲಸಕ್ಕೆ ವರ್ಷದಲ್ಲಿ 370 ಜನ ಬಿಟ್ಟುಹೋದ ಹಾಗೆ. ಮಷೀನ್ ಎಷ್ಟು ವೇಗ ಇದ್ದರೇನು, ಮುಂದೆ ನಿಲ್ಲೋ ಮನುಷ್ಯ ವಾರಕ್ಕೊಬ್ಬ ಬದಲಾದರೆ ಡಿಸೈನ್ ಕೆಪಾಸಿಟಿ ಬರೀ ಕಾಗದದ ಮೇಲೆ.

1914ರ ಜನವರಿ 5ರಂದು ಕಂಪನಿ ದಿನಗೂಲಿಯನ್ನು 5 ಡಾಲರ್ ಮಾಡಿತು, ಇದ್ದದ್ದರ ಎರಡು ಪಟ್ಟಿಗಿಂತ ಜಾಸ್ತಿ. ಕೆಲಸದ ಅವಧಿ 9 ಗಂಟೆಯಿಂದ 8 ಗಂಟೆಗೆ ಇಳೀತು. ಎಲ್ಲರೂ 5 ಡಾಲರ್ ಬಗ್ಗೆ ಹೇಳ್ತಾರೆ, ನಮಗೆ ಕುತೂಹಲ ಅನ್ನಿಸಿದ್ದು ಆ 8 ಗಂಟೆ. 9 ಗಂಟೆಯ ಎರಡು ಶಿಫ್ಟ್ ಅಂದ್ರೆ 18 ಗಂಟೆ. 8 ಗಂಟೆಯ ಮೂರು ಶಿಫ್ಟ್ ಅಂದ್ರೆ 24. ಒಂದೂ ಹೊಸ ಮಷೀನ್ ಕೊಳ್ಳದೆ ಫ್ಯಾಕ್ಟರಿಗೆ ದಿನಕ್ಕೆ 6 ಗಂಟೆ ಜಾಸ್ತಿ ಸಿಕ್ತು! ಆದರೆ ದುಡ್ಡು ಎಲ್ಲರಿಗೂ ಸುಮ್ಮನೆ ಸಿಗ್ತಿರಲಿಲ್ಲ. ಕಂಪನಿಯವರು ಮನೆಗೆ ಬಂದು, ಕುಡೀತಾನಾ, ದುಡ್ಡು ಉಳಿಸ್ತಾನಾ, ಮನೆ ಚೊಕ್ಕ ಇದೆಯಾ ಅಂತ ನೋಡಿದ ಮೇಲೆ ಮಾತ್ರ ಪೂರ್ತಿ ಕೂಲಿ. ಸುದ್ದಿ ಕೇಳಿ ಗೇಟಿನ ಮುಂದೆ ಸೇರಿದ ಸಾವಿರಾರು ಜನರ ಮೇಲೆ ಕೊರೆಯೋ ಚಳಿಯಲ್ಲಿ ಪೈಪಿನಿಂದ ನೀರು ಬಿಟ್ಟು ಚದುರಿಸಿದರು.

ಕಾರಿನ ಬೆಲೆ ಇಳೀತಾ ಹೋಯ್ತು, ಡಿಮ್ಯಾಂಡ್ ಏರ್ತಾ ಹೋಯ್ತು. ಬೇಡಿಕೆ ಬಂದ ಮೇಲೆ ಕೆಪಾಸಿಟಿ ಹೆಚ್ಚಿಸೋದು ಒಂದು ದಾರಿ, ಬರೋಕೆ ಮೊದಲೇ ಹೆಚ್ಚಿಸೋದು ಇನ್ನೊಂದು. ಫೋರ್ಡ್ ಎರಡನೇ ದಾರಿಯವನು. 1916ರಲ್ಲಿ ಷೇರುದಾರರಿಗೆ ಕೊಡ್ತಿದ್ದ ವಿಶೇಷ ಡಿವಿಡೆಂಡ್ ನಿಲ್ಲಿಸಿ, ಆ ಹಣದಲ್ಲಿ ರೂಜ್ ನದಿ ದಡದಲ್ಲಿ ದೊಡ್ಡ ಫ್ಯಾಕ್ಟರಿ ಕಟ್ಟೋಕೆ ಹೊರಟ. ಷೇರುದಾರರಾದ ಡಾಡ್ಜ್ ಸಹೋದರರು ಕೋರ್ಟಿಗೆ ಹೋದರು. 1919ರಲ್ಲಿ ಮಿಷಿಗನ್ ಸುಪ್ರೀಂ ಕೋರ್ಟ್, ಡಿವಿಡೆಂಡ್ ಕೊಡಲೇಬೇಕು ಅಂದಿತು, ಆದರೆ ಫ್ಯಾಕ್ಟರಿ ವಿಸ್ತರಣೆಗೆ ಅಡ್ಡ ಬರಲಿಲ್ಲ. ಕೆಪಾಸಿಟಿ ಪ್ಲ್ಯಾನಿಂಗ್ ಕೋರ್ಟ್ ಮೆಟ್ಟಿಲು ಹತ್ತಿದ ಕೇಸ್ ಇದು! ಅದೇ ವರ್ಷ ಫೋರ್ಡ್ ಉಳಿದ ಷೇರುದಾರರ ಪಾಲನ್ನೆಲ್ಲ ಕೊಂಡುಬಿಟ್ಟ. ಅಲ್ಲಿಂದ ಅವನನ್ನು ತಡೆಯೋರು ಯಾರೂ ಇರಲಿಲ್ಲ.

ರೂಜ್ ಫ್ಯಾಕ್ಟರಿಗೆ ಒಂದು ಕಡೆಯಿಂದ ಹಡಗಿನಲ್ಲಿ ಕಬ್ಬಿಣದ ಅದಿರು ಬರೋದು, ಇನ್ನೊಂದು ಕಡೆಯಿಂದ ಕಾರು ಹೊರಗೆ ಹೋಗೋದು. ಉಕ್ಕು, ಗಾಜು, ಕರೆಂಟು ಎಲ್ಲ ಅಲ್ಲೇ. ರಬ್ಬರ್‌ಗೆ ಬ್ರೆಜಿಲ್ ಕಾಡಿನಲ್ಲಿ ಒಂದು ಊರನ್ನೇ ಕಟ್ಟಿಸಿದ, ಎಲೆ ರೋಗ ಬಂದು ಅದು ಹಾಳಾಯ್ತು.

1920ರ ದಶಕದಲ್ಲಿ ಗಾಳಿ ಬದಲಾಯ್ತು. ಜನರ ಹತ್ತಿರ ಆಗಲೇ ಒಂದು ಕಾರಿತ್ತು, ಎರಡನೆಯದು ಸ್ವಲ್ಪ ಚೆನ್ನಾಗಿ ಕಾಣಲಿ ಅಂತ ಆಸೆ. ಜನರಲ್ ಮೋಟಾರ್ಸ್ ಬೇರೆ ಬೇರೆ ಜೇಬಿಗೆ ಬೇರೆ ಬೇರೆ ಕಾರು ಮಾಡಿತು, ಕಂತಿನ ಮೇಲೆ ಸಾಲವನ್ನೂ ಕೊಟ್ಟಿತು. ಫೋರ್ಡ್ ಬಿಟ್ಟು ಅಲ್ಲಿಗೆ ಹೋದ ವಿಲಿಯಂ ನಡ್ಸನ್, ಷೆವ್ರೊಲೆ ಫ್ಯಾಕ್ಟರಿಯಲ್ಲಿ ಮಾಡೆಲ್ ಬದಲಾದರೂ ಬಳಸಬಹುದಾದ ಸಾಮಾನ್ಯ ಮಷೀನ್‌ಗಳನ್ನು ಹಾಕಿಸಿದ. ಜನ ದೋಸೆ ಕೇಳೋಕೆ ಶುರುಮಾಡಿದ್ರು, ಫೋರ್ಡ್ ಹತ್ತಿರ ಇದ್ದಿದ್ದು ಜಗತ್ತಿನ ಅತಿ ದೊಡ್ಡ ಇಡ್ಲಿ ಸ್ಟ್ಯಾಂಡ್. 1914ರಿಂದ 1925ರವರೆಗೆ ಅವನ ಕಾರಿಗೆ ಕಪ್ಪು ಬಿಟ್ಟು ಬೇರೆ ಬಣ್ಣವೂ ಇರಲಿಲ್ಲ.

ಮಗ ಎಡ್ಸೆಲ್ ಹೆಸರಿಗೆ ಕಂಪನಿಯ ಅಧ್ಯಕ್ಷ. ಹೊಸ ಮಾಡೆಲ್ ಬೇಕು ಅಂತ ಅವನಿಗೆ ಗೊತ್ತಿತ್ತು, ಅಪ್ಪ ಕೇಳಲಿಲ್ಲ. ಎಡ್ಸೆಲ್‌ನ ಷಡ್ಡಕ ಅರ್ನೆಸ್ಟ್ ಕ್ಯಾಂಜ್ಲರ್ 1926ರಲ್ಲಿ ಇದನ್ನೇ ವಿವರವಾಗಿ ಬರೆದು ಕೊಟ್ಟ. ಕೆಲವೇ ತಿಂಗಳಲ್ಲಿ ಅವನ ಕೆಲಸ ಹೋಯ್ತು.

ಕೊನೆಗೆ 1927ರ ಮೇ 26ರಂದು ಒಂದೂವರೆ ಕೋಟಿಯ ಮಾಡೆಲ್ ಟಿ ಹೊರಗೆ ಬಂತು, ಉತ್ಪಾದನೆ ನಿಂತಿತು. ಆದರೆ ಮುಂದಿನ ಕಾರು ರೆಡಿ ಇರಲಿಲ್ಲ, ಡಿಸೈನ್ ಕೂಡ ಮುಗಿದಿರಲಿಲ್ಲ! 45 ರಂಧ್ರದ ಆ ಮಷೀನ್ ಥರದ ಸಾವಿರಾರು ಮಷೀನ್‌ಗಳನ್ನು ಬದಲಾಯಿಸಬೇಕು ಇಲ್ಲವೇ ಗುಜರಿಗೆ ಹಾಕಬೇಕು. ಸುಮಾರು ಆರು ತಿಂಗಳು ಫ್ಯಾಕ್ಟರಿ ಮುಚ್ಚಿತ್ತು. ಡೆಟ್ರಾಯಿಟ್‌ನಲ್ಲಿ ಹತ್ತಾರು ಸಾವಿರ ಜನ ಮನೆಯಲ್ಲಿ ಕೂತರು. ಡಿಸೆಂಬರ್‌ನಲ್ಲಿ ಮಾಡೆಲ್ ಎ ಬಂದಾಗ ಜನ ಮುಗಿಬಿದ್ದು ನೋಡಿದರು, ಕಾರು ಚೆನ್ನಾಗಿಯೇ ಇತ್ತು. ಆದರೆ ಆ ವರ್ಷ ಷೆವ್ರೊಲೆ ಮುಂದೆ ಹೋಗಿತ್ತು. ಷೆವ್ರೊಲೆಯವರು ಮರುವರ್ಷ ನಾಲ್ಕು ಸಿಲಿಂಡರ್‌ನಿಂದ ಆರಕ್ಕೆ ಬದಲಾಗೋಕೆ ತಗೊಂಡಿದ್ದು ಕೆಲವೇ ವಾರ. ನಮ್ಮ ಪ್ರಕಾರ ಫೋರ್ಡ್‌ನ ತಪ್ಪು ಒಂದೇ ಕಾರು ಮಾಡಿದ್ದಲ್ಲ, 1908ಕ್ಕೆ ಅದು ಸರಿಯಾದ ಉತ್ತರವೇ. ಪ್ರಶ್ನೆ ಬದಲಾಗಿದೆ ಅಂತ ಹೇಳಿದವರನ್ನೆಲ್ಲ ಹೊರಗೆ ಕಳಿಸಿದ್ದು ತಪ್ಪು.

ಅವನ ಬಗ್ಗೆ ಬರೀ ಮೆಚ್ಚುಗೆ ಬರೆಯೋಕೂ ಆಗಲ್ಲ. ಅವನ ಪತ್ರಿಕೆ ವರ್ಷಗಟ್ಟಲೆ ಯಹೂದಿಗಳ ವಿರುದ್ಧ ದ್ವೇಷ ಹರಡಿತು. 1938ರಲ್ಲಿ ಹಿಟ್ಲರ್‌ನ ಜರ್ಮನಿ ಕೊಟ್ಟ ಪದಕ ತಗೊಂಡ. 1932ರಲ್ಲಿ ರೂಜ್ ಗೇಟಿಗೆ ಮೆರವಣಿಗೆ ಬಂದ ನಿರುದ್ಯೋಗಿಗಳ ಮೇಲೆ ಪೊಲೀಸರೂ ಕಂಪನಿಯ ಕಾವಲಿನವರೂ ಗುಂಡು ಹಾರಿಸಿದರು, ಸ್ಥಳದಲ್ಲೇ ನಾಲ್ವರು ಸತ್ತರು. 1937ರ ಮೇ 26ರಂದು ಯೂನಿಯನ್ ನಾಯಕರನ್ನು ಕಂಪನಿಯ ಜನ ಹೊಡೆದು ಕೆಡವಿದರು. 1941ರಲ್ಲಿ ಕೊನೆಗೂ ಯೂನಿಯನ್ ಜೊತೆ ಒಪ್ಪಂದ ಆಯ್ತು.

ಎರಡನೇ ಮಹಾಯುದ್ಧದಲ್ಲಿ ಕಂಪನಿ ವಿಲ್ಲೋ ರನ್‌ನಲ್ಲಿ ಬಾಂಬರ್ ವಿಮಾನಗಳಿಗೂ ಅಸೆಂಬ್ಲಿ ಲೈನ್ ಹಾಕಿತು. ಶುರುವಿನಲ್ಲಿ ಏನೇನೋ ತೊಂದರೆ, 1944ರ ಹೊತ್ತಿಗೆ ಗಂಟೆಗೆ ಹೆಚ್ಚುಕಡಿಮೆ ಒಂದು ವಿಮಾನ. ಅದನ್ನು ನೋಡೋಕೆ ಎಡ್ಸೆಲ್ ಇರಲಿಲ್ಲ. ಅವನು 49ನೇ ವಯಸ್ಸಿಗೆ, 1943ರಲ್ಲಿ ತೀರಿಕೊಂಡ. ತಾರೀಖು ಮತ್ತೆ ಮೇ 26.

ಮುದುಕ ಫೋರ್ಡ್ ಮತ್ತೆ ಅಧ್ಯಕ್ಷನಾದ, ಎರಡು ವರ್ಷಕ್ಕೆ ಮೊಮ್ಮಗನಿಗೆ ಬಿಟ್ಟುಕೊಟ್ಟ. 1947ರ ಏಪ್ರಿಲ್ 7ರ ರಾತ್ರಿ, 83ನೇ ವಯಸ್ಸಿನಲ್ಲಿ ತನ್ನ ಮನೆಯಲ್ಲೇ ತೀರಿಕೊಂಡ. ಆ ದಿನ ರೂಜ್ ನದಿಗೆ ಪ್ರವಾಹ ಬಂದು ಮನೆಯ ಪವರ್ ಹೌಸ್ ನಿಂತುಹೋಗಿತ್ತು. ಕೋಣೆಯಲ್ಲಿ ಇದ್ದಿದ್ದು ಮೇಣದಬತ್ತಿ ಮತ್ತು ಎಣ್ಣೆ ದೀಪದ ಬೆಳಕು ಮಾತ್ರ.