ಹಾಫ್‌ಕಿನ್: ಬಿಳಿ ರಕ್ತಕಣಗಳಿಗೆ ಮೊದಲೇ ಸುದ್ದಿ ಮುಟ್ಟಿಸಿದವರು

ಕೊಳಾರದ ಔಷಧ ಕಾರ್ಖಾನೆಗಳಿಗೆ ಇಂಡಸ್ಟ್ರಿಯಲ್ ವಿಸಿಟ್ ಹೋದವರು ನೋಡಿರ್ತೀರಿ, ಅಲ್ಲಿ ಪ್ರತಿ ಬಾಟಲಿಗೂ ಒಂದು ಬ್ಯಾಚ್ ನಂಬರ್ ಇರುತ್ತೆ. ಯಾವಾಗ ತಯಾರಾಯ್ತು, ಯಾರು ಪರೀಕ್ಷೆ ಮಾಡಿದ್ರು, ಎಲ್ಲವೂ ದಾಖಲೆಯಲ್ಲಿರಬೇಕು. ನಮಗೆ ಅದು ಬರೀ ಪೇಪರ್ ಕೆಲಸ ಅನ್ನಿಸಬಹುದು. ಆದ್ರೆ ನೂರಿಪ್ಪತ್ತು ವರ್ಷದ ಹಿಂದೆ 53-ಎನ್ ಅನ್ನೋ ಒಂದೇ ಒಂದು ಬಾಟಲಿ ಒಬ್ಬ ದೊಡ್ಡ ವಿಜ್ಞಾನಿಯ ಬದುಕನ್ನೇ ಬುಡಮೇಲು ಮಾಡಿತ್ತು. ಅವರ ಹೆಸರು ವಾಲ್ಡೆಮಾರ್ ಹಾಫ್‌ಕಿನ್. ಅವರ ಲಸಿಕೆ ನಮ್ಮ ಹುಬ್ಬಳ್ಳಿ, ಧಾರವಾಡ, ಗದಗದ ಜನರ ತೋಳಿಗೂ ಚುಚ್ಚಿದ ಲಸಿಕೆ.

ಹಾಫ್‌ಕಿನ್ ಹುಟ್ಟಿದ್ದು 1860ರ ಮಾರ್ಚ್ 15ರಂದು, ರಷ್ಯಾ ಸಾಮ್ರಾಜ್ಯದ ಒಡೆಸ್ಸಾ ಬಂದರಿನಲ್ಲಿ, ಯಹೂದಿ ಮನೆತನದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಅವರಿಗೆ ಸಿಕ್ಕ ಗುರು ಇಲ್ಯಾ ಮೆಚ್ನಿಕಾಫ್. ಯಹೂದಿಗಳ ಮೇಲೆ ದಾಳಿ ನಡೆದಾಗ ತನ್ನವರ ರಕ್ಷಣೆಗೆ ನಿಂತು ಹಾಫ್‌ಕಿನ್ ಜೈಲು ಸೇರಿದರು; ಬಿಡಿಸಿಕೊಂಡು ಬಂದವರೂ ಈ ಗುರುವೇ. ಮುಂದೆ ಧರ್ಮ ಬದಲಾಯಿಸಿದರೆ ಅಧ್ಯಾಪಕ ಹುದ್ದೆ ಕೊಡ್ತೀವಿ ಅಂತ ವಿಶ್ವವಿದ್ಯಾಲಯ ಷರತ್ತು ಹಾಕಿತು. ಹಾಫ್‌ಕಿನ್ ಒಪ್ಪಲಿಲ್ಲ.

ಈ ಮೆಚ್ನಿಕಾಫ್ ಯಾರು ಅಂದ್ರೆ, ಬಿಳಿ ರಕ್ತಕಣಗಳ ಯುದ್ಧವನ್ನು ಜಗತ್ತಿಗೆ ತೋರಿಸಿದವರು. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಅವರು ನಕ್ಷತ್ರಮೀನಿನ ಪಾರದರ್ಶಕ ಮರಿಯ ಮೈಗೆ ಸಣ್ಣ ಮುಳ್ಳು ಚುಚ್ಚಿಟ್ಟರು. ಮರುದಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಮರಿಯ ಮೈಯೊಳಗಿನ ಅಲೆಮಾರಿ ಕಣಗಳು ಬಂದು ಮುಳ್ಳನ್ನು ಮುತ್ತಿಕೊಂಡಿದ್ದವು! ನಮ್ಮ ರಕ್ತದ ಬಿಳಿ ಕಣಗಳೂ ಹೀಗೇ ರೋಗಾಣುಗಳನ್ನು ಹುಡುಕಿಕೊಂಡು ಹೋಗಿ ನುಂಗುತ್ತವೆ ಅಂತ ಅವರು ಸಾಧಿಸಿದರು. ಇದಕ್ಕೇ 1908ರಲ್ಲಿ ಪಾಲ್ ಎರ್ಲಿಚ್ ಜೊತೆ ನೊಬೆಲ್ ಬಂತು.

ಗುರು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆ ಸೇರಿದ ಮೇಲೆ ಶಿಷ್ಯರೂ 1889ರಲ್ಲಿ ಅಲ್ಲಿಗೆ ಹೋದರು. ಖಾಲಿ ಇದ್ದದ್ದು ಗ್ರಂಥಾಲಯದ ಕೆಲಸ ಮಾತ್ರ. ಹಗಲು ಪುಸ್ತಕ ಜೋಡಿಸುತ್ತ, ಬಿಡುವಿನಲ್ಲಿ ಪ್ರಯೋಗ ಮಾಡುತ್ತ ಕಾಲರಾ ಲಸಿಕೆ ತಯಾರಿಸಿದರು. ಮೊದಲು ಚುಚ್ಚಿಕೊಂಡದ್ದು ತಮಗೇ, 1892ರ ಜುಲೈ 18ರಂದು. ಮರುವರ್ಷ ಭಾರತಕ್ಕೆ ಬಂದು ಎರಡೂವರೆ ವರ್ಷದಲ್ಲಿ 40 ಸಾವಿರಕ್ಕೂ ಹೆಚ್ಚು ಜನರಿಗೆ ಕಾಲರಾ ಲಸಿಕೆ ಹಾಕಿದರು. ಮಲೇರಿಯಾ ಹಿಡಿದು ವಾಪಸ್ ಹೋದರೂ ಮತ್ತೆ ಬಂದರು.

1896ರಲ್ಲಿ ಮುಂಬೈಗೆ ಪ್ಲೇಗು ಕಾಲಿಟ್ಟಿತು. ಸರ್ಕಾರ ಹಾಫ್‌ಕಿನ್‌ರನ್ನು ಕರೆಸಿತು. ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಸಿಕ್ಕಿದ್ದು ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಸಹಾಯಕರು. ಅಷ್ಟೇ ಲ್ಯಾಬ್!

ಎದುರಾಳಿ ಎಂಥವನು ಅಂತ ಸ್ವಲ್ಪ ನೋಡೋಣ. ಪ್ಲೇಗಿನ ಬ್ಯಾಕ್ಟೀರಿಯಾ ಇಲಿಯ ಮೈಮೇಲಿನ ಚಿಗಟದ ಮೂಲಕ ನಮ್ಮೊಳಗೆ ಬರುತ್ತೆ. ಬಿಳಿ ರಕ್ತಕಣಗಳು ತಕ್ಷಣ ಓಡಿಬಂದು ಒಂದಷ್ಟನ್ನು ನುಂಗಿಬಿಡ್ತವೆ. ಆದ್ರೆ ಕೆಲವು ರೋಗಾಣುಗಳು ನುಂಗಿದ ಕಣದೊಳಗೇ ಬದುಕಿ ಉಳಿಯುತ್ತವೆ. ನಮ್ಮ ಮೈಯ 37 ಡಿಗ್ರಿ ಬಿಸಿ ತಾಗಿದ್ದೇ ಅವು ವೇಷ ಬದಲಾಯಿಸುತ್ತವೆ. ಮೈಮೇಲೆ ಕವಚ ಹೊದ್ದುಕೊಂಡು ಸುಲಭವಾಗಿ ಕೈಗೆ ಸಿಗದಂತಾಗುತ್ತವೆ. ಅಷ್ಟೇ ಅಲ್ಲ, ಸಿರಿಂಜಿನಂಥ ಒಂದು ಸೂಕ್ಷ್ಮ ರಚನೆ ಬೆಳೆಸಿಕೊಂಡು ಬಿಳಿ ಕಣಕ್ಕೇ ಚುಚ್ಚಿ ಪ್ರೋಟೀನ್ ತುಂಬುತ್ತವೆ. ಆ ಕಣಕ್ಕೆ ನುಂಗುವ ಶಕ್ತಿಯೂ ಹೋಗುತ್ತೆ, ಬೇರೆಯವರನ್ನು ಕೂಗಿ ಕರೆಯುವ ಶಕ್ತಿಯೂ ಹೋಗುತ್ತೆ. ಕಾವಲುಗಾರನ ಕೈಕಟ್ಟಿ ಬಾಯಿಗೆ ಬಟ್ಟೆ ತುರುಕಿದ ಹಾಗೆ. ತೊಡೆಸಂದು, ಕಂಕುಳಲ್ಲಿ ಏಳುವ ಆ ಭಯಂಕರ ಗಡ್ಡೆ ಇದೇ ಯುದ್ಧ ನಡೆದ ಗ್ರಂಥಿ.

ಈ ಒಳಗಿನ ಸಂಗತಿಗಳೆಲ್ಲ ಹಾಫ್‌ಕಿನ್ ಕಾಲಕ್ಕೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಇಷ್ಟು: ಸತ್ತ ರೋಗಾಣುವನ್ನು ಮೊದಲೇ ಪರಿಚಯ ಮಾಡಿಸಿದರೆ ದೇಹ ಸಿದ್ಧವಾಗುತ್ತೆ. ಸಾರಿನಲ್ಲಿ ಪ್ಲೇಗಿನ ರೋಗಾಣು ಬೆಳೆಸಿ, ಮೇಲೆ ತುಪ್ಪದ ಹನಿ ತೇಲಿಬಿಡುತ್ತಿದ್ದರು. ಆ ಹನಿಗಳಿಂದ ಬ್ಯಾಕ್ಟೀರಿಯಾ ಗುಹೆಯೊಳಗಿನ ಸುಣ್ಣದ ತೊಂಗಲಿನಂತೆ ಕೆಳಗಿಳಿದು ಬೆಳೆಯುತ್ತಿತ್ತು. ಅದನ್ನು ಅಲ್ಲಾಡಿಸಿ, ಮತ್ತೆ ಬೆಳೆಸಿ, ಕೊನೆಗೆ ಕಾಯಿಸಿ ಕೊಲ್ಲುತ್ತಿದ್ದರು. ಆ ಲಸಿಕೆ ಪಡೆದ ದೇಹ ಪ್ರತಿಕಾಯ ತಯಾರಿಸಿಟ್ಟುಕೊಳ್ಳುತ್ತೆ. ನಿಜವಾದ ರೋಗಾಣು ಬಂದಾಗ ಪ್ರತಿಕಾಯ ಅದಕ್ಕೆ ಅಂಟಿಕೊಂಡು, ಬಿಳಿ ರಕ್ತಕಣಕ್ಕೆ ಹಿಡಿಯಲು ಹಿಡಿಕೆ ಕೊಟ್ಟಂತಾಗುತ್ತೆ.

1897ರ ಜನವರಿ 10ರಂದು ಮತ್ತೆ ಮೊದಲ ಸೂಜಿ ತಮಗೇ. ಜ್ವರ ಬಂತು, ಇಳಿಯಿತು. ಅದೇ ತಿಂಗಳ ಕೊನೆಗೆ ಬೈಕುಲಾ ಜೈಲಿನಲ್ಲಿ ಪ್ಲೇಗು ಹೊಕ್ಕಾಗ, ಮುಂದೆ ಬಂದ ಕೈದಿಗಳಿಗೆ ಹಾಕಿ ನೋಡಿದರು. ಹಾಕಿಸಿಕೊಂಡವರಲ್ಲಿ ರೋಗವೂ ಕಡಿಮೆ, ಸಾವೂ ಕಡಿಮೆ.

ಪ್ಲೇಗು ರೈಲಿನ ದಾರಿ ಹಿಡಿದು ನಮ್ಮ ಕಡೆಗೂ ಬಂತು. 1898ರಲ್ಲಿ ಹುಬ್ಬಳ್ಳಿ ತತ್ತರಿಸಿತು, ಆಗಸ್ಟ್‌ನಲ್ಲಿ ಬೆಂಗಳೂರಿಗೂ ತಗುಲಿತು. ಮನೆಯಲ್ಲಿ ಇಲಿ ಬಿತ್ತು ಅಂದ್ರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಬೆಂಗಳೂರಿನ ಪ್ಲೇಗಮ್ಮನ ಗುಡಿಗಳು ಇಂದಿಗೂ ಆ ಭಯದ ಗುರುತು. ಹುಬ್ಬಳ್ಳಿಯಲ್ಲಿ ಲ್ಯೂಮನ್ ಅನ್ನೋ ವೈದ್ಯರು ಮುಂಬೈಯಿಂದ ಬಂದ ಲಸಿಕೆಯನ್ನು ಹತ್ತಾರು ಸಾವಿರ ಜನರಿಗೆ ಹಾಕಿಸಿ, ಹಾಕಿಸಿಕೊಂಡವರು ಎಷ್ಟು, ಬಿಟ್ಟವರು ಎಷ್ಟು, ಎರಡೂ ಕಡೆ ಸತ್ತವರು ಎಷ್ಟು ಅಂತ ಲೆಕ್ಕ ಇಟ್ಟರು. ಒಂದು ಇಡೀ ಊರಿನ ಲೆಕ್ಕ ಲಸಿಕೆಯ ಪರವಾಗಿ ನಿಂತಿತು. ಜೀವಂತ ಊರಿನಲ್ಲಿ ನಡೆದ ಆ ಕಾಲದ ದೊಡ್ಡ ಲಸಿಕೆ ಪರೀಕ್ಷೆಗಳಲ್ಲಿ ನಮ್ಮ ಹುಬ್ಬಳ್ಳಿಯದೂ ಒಂದು.

ಆಮೇಲೆ ಬಂತು 53-ಎನ್. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಲಾಯಿತು. ಅದರಲ್ಲಿ ಆ ಒಂದೇ ಬಾಟಲಿಯಿಂದ ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ಧನುರ್ವಾಯು ರೋಗಾಣುವಿನ ಅಸ್ತ್ರವೇ ಬೇರೆ. ಅದು ಗಾಯದಲ್ಲೇ ಕೂತು ನಂಜು ಹರಿಬಿಡುತ್ತೆ. ನರಕ್ಕೆ ಏರಿದ ನಂಜನ್ನು ಯಾವ ಬಿಳಿ ಕಣವೂ ನುಂಗಲಾರದು. ತಪ್ಪು ಮುಂಬೈ ಲ್ಯಾಬಿನದೇ ಅಂತ ವಿಚಾರಣಾ ಆಯೋಗ ತೀರ್ಮಾನಿಸಿತು. ಹಾಫ್‌ಕಿನ್ ಲಸಿಕೆಗೆ ಕಾರ್ಬಾಲಿಕ್ ಆಮ್ಲ ಬೆರೆಸುವುದನ್ನು ಬಿಟ್ಟು, ಬರೀ ಶಾಖದಿಂದ ಶುದ್ಧೀಕರಿಸುವ ವಿಧಾನಕ್ಕೆ ಬಂದಿದ್ದೇ ಅವರ ಮೇಲಿನ ದೂರಾಯಿತು. ಅವರನ್ನು ಹುದ್ದೆಯಿಂದ ಇಳಿಸಿದರು. 1904ರಲ್ಲಿ ಭಾರತ ಬಿಟ್ಟರು.

ಆದ್ರೆ ದಾಖಲೆ ಬೇರೆಯದೇ ಹೇಳುತ್ತಿತ್ತು. ಹಳ್ಳಿಯಲ್ಲಿ ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ಚಿಮುಟ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧ ಮಾಡದೆ ಮುಚ್ಚಳ ಕಿತ್ತಿದ್ದ. ಧನುರ್ವಾಯುವಿನ ಬೀಜಕಣ ಇರೋದೇ ಮಣ್ಣಿನಲ್ಲಿ. ರೋಗಾಣು ಲ್ಯಾಬಿನಲ್ಲೇ ಸೇರಿ ದಿನಗಟ್ಟಲೆ ಬೆಳೆದಿದ್ದರೆ ಬಾಟಲಿ ಗಬ್ಬು ನಾರಬೇಕಿತ್ತು. ಲಸಿಕೆ ಹಾಕಿದ ವೈದ್ಯರು ಮೂಸಿ ನೋಡಿದಾಗ ವಾಸನೆ ಇರಲಿಲ್ಲ. ಇದನ್ನೆಲ್ಲ ಮುಂದಿಟ್ಟು ರೊನಾಲ್ಡ್ ರಾಸ್ ಮತ್ತಿತರ ವಿಜ್ಞಾನಿಗಳು 1907ರಲ್ಲಿ ಬಹಿರಂಗವಾಗಿ ಹಾಫ್‌ಕಿನ್ ಪರ ನಿಂತರು. ಅದೇ ವರ್ಷ ಸರ್ಕಾರ ಅವರನ್ನು ಆರೋಪಮುಕ್ತ ಮಾಡಿತು. ಕಲ್ಕತ್ತಾಗೆ ಮರಳಿದರು, ಆದರೆ ಮೊದಲಿನಂತೆ ಜನರ ನಡುವೆ ಕೆಲಸ ಮಾಡುವ ಅವಕಾಶ ಮತ್ತೆ ಸಿಗಲಿಲ್ಲ. 1925ರಲ್ಲಿ ಮುಂಬೈ ಪರೇಲಿನ ಪ್ರಯೋಗಾಲಯಕ್ಕೆ ಅವರ ಹೆಸರಿಟ್ಟರು. ಅಷ್ಟರೊಳಗೆ ಅಲ್ಲಿಂದ 2 ಕೋಟಿ 60 ಲಕ್ಷ ಡೋಸ್ ಪ್ಲೇಗು ಲಸಿಕೆ ಹೊರಹೋಗಿತ್ತು. 1930ರ ಅಕ್ಟೋಬರ್ 26ರಂದು ಅವರು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ತೀರಿಕೊಂಡರು.

ಐದು ವರ್ಷದ ಅವಮಾನ ತೊಳೆದದ್ದು ಎರಡು ಸಣ್ಣ ಸಂಗತಿ: ಚಿಮುಟ ನೆಲಕ್ಕೆ ಬಿದ್ದಿತ್ತು, ಬಾಟಲಿಗೆ ವಾಸನೆ ಇರಲಿಲ್ಲ. ಗೆಳೆಯರೇ, ನಾಳೆ ನೀವು ಕೊಳಾರದಲ್ಲೋ ಇನ್ನೆಲ್ಲೋ ಕೆಲಸಕ್ಕೆ ಸೇರಿ ಲಾಗ್ ಶೀಟ್ ಎದುರಿಗೆ ಕೂತಾಗ, ಕಂಡದ್ದನ್ನು ಕಂಡ ಹಾಗೆ ಬರೆಯಿರಿ. ಕೈಯಿಂದ ಏನಾದರೂ ಕೆಳಗೆ ಬಿದ್ದಿದ್ದರೆ, ಅದನ್ನೂ.