ಮೂಳೆಯ ಮರೆಯನ್ನು ತೆರೆದಾತ

ಹೊಳಲ್ಕೆರೆಯಲ್ಲಿ ಉಪಾಧ್ಯಾಯನಾಗಿರುವ ನನಗೆ ಕೆಲವು ವರ್ಷಗಳ ಹಿಂದೆ ಎಡಹುಬ್ಬಿನ ಮೇಲೆ ಕಲ್ಲಿನಂಥ ಗಂಟೊಂದು ಮೆಲ್ಲಮೆಲ್ಲನೆ ಬೆಳೆಯಿತು. ನೋವಿರಲಿಲ್ಲ, ಆದರೆ ಕ್ಯಾನ್ಸರ್ ಇರಬಹುದೆಂಬ ಭಯ ನಿದ್ರೆಯನ್ನು ಕೆಡಿಸಿತು. ಚಿತ್ರದುರ್ಗದಲ್ಲಿ ತೆಗೆಸಿದ ಕ್ಷ-ಕಿರಣದ ಚಿತ್ರವನ್ನು ವೈದ್ಯರು ಬೆಳಕಿಗೆ ಹಿಡಿದರು. ಹಣೆಯ ಮೂಳೆಯೊಳಗಿನ ಸೈನಸ್ ಎಂಬ ಗಾಳಿಯ ಪೊಟರೆಯಲ್ಲಿ, ಆನೆಯ ದಂತದಂತೆ ಬೆಳ್ಳಗೆ, ಅಂಚು ಸ್ಪಷ್ಟವಾಗಿದ್ದ ಗಂಟು ಕಂಡಿತು. ಅದು ಆಸ್ಟಿಯೋಮ, ಮೂಳೆಯದೇ ನಿರಪಾಯಕರ ಬೆಳವಣಿಗೆ. ಆಗಾಗ ಪರೀಕ್ಷಿಸಿಕೊಂಡರೆ ಸಾಕೆಂದು ಅವರು ತಿಳಿಸಿದಾಗ ಹೋದ ಜೀವ ಬಂದಂತಾಯಿತು. ಆ ಕಿರಣವನ್ನು ಕಂಡುಹಿಡಿದ ಮಹನೀಯನ ಚರಿತ್ರೆಯನ್ನು ಓದುವ ಹಂಬಲ ನನಗೆ ಹುಟ್ಟಿದ್ದು ಅಂದು.

ವಿಲ್ಹೆಲ್ಮ್ ಕಾನ್ರಾಡ್ ರಾಂಟ್ಜೆನ್ 1845ರ ಮಾರ್ಚ್ 27ರಂದು ಜರ್ಮನಿಯ ಲೆನ್ನೆಪ್‌ನಲ್ಲಿ ಬಟ್ಟೆ ವ್ಯಾಪಾರಿಯೊಬ್ಬನ ಮಗನಾಗಿ ಜನಿಸಿದ. ಬೆಳೆದದ್ದು ಹಾಲೆಂಡಿನಲ್ಲಿ. ಉಟ್ರೆಕ್ಟಿನ ಶಾಲೆಯಲ್ಲಿ ಸಹಪಾಠಿಯೊಬ್ಬ ಉಪಾಧ್ಯಾಯರ ವ್ಯಂಗ್ಯಚಿತ್ರ ಬರೆದ. ಅವನ ಹೆಸರು ಹೇಳಲೊಪ್ಪದೆ ರಾಂಟ್ಜೆನ್ ತಾನೇ ಶಾಲೆಯನ್ನು ಕಳೆದುಕೊಂಡ. ಮುಂದೆ ಜೂರಿಕ್ಕಿನಲ್ಲಿ ಓದಿ 1869ರಲ್ಲಿ ಡಾಕ್ಟರ್ ಪದವಿ ಪಡೆದ.

1895ರ ನವೆಂಬರ್ 8ರ ಸಂಜೆ, ವುರ್ಟ್ಸ್‌ಬರ್ಗಿನ ಪ್ರಯೋಗಶಾಲೆಯ ಕತ್ತಲೆಯಲ್ಲಿ, ವಿದ್ಯುತ್ ಹರಿಯುತ್ತಿದ್ದ ಗಾಜಿನ ನಳಿಗೆಗೆ ಕಪ್ಪು ರಟ್ಟನ್ನು ಮುಚ್ಚಿದ್ದರೂ ಆಚೆಗಿದ್ದ ಪರದೆ ಮಿನುಗಿತು. ಆತ ಡಂಗುರ ಸಾರಲಿಲ್ಲ. ವಾರಗಟ್ಟಲೆ ಒಬ್ಬನೇ ಪರೀಕ್ಷಿಸಿದ. ಡಿಸೆಂಬರ್ 22ರಂದು ಮಡದಿ ಬರ್ತಾಳ ಕೈಯ ಚಿತ್ರ ತೆಗೆದಾಗ ಮೂಳೆಗಳೂ ಉಂಗುರವೂ ಮೂಡಿದವು. ಗೊತ್ತಿಲ್ಲದ ಕಿರಣಕ್ಕೆ ಬೀಜಗಣಿತದ ಅಜ್ಞಾತದ ಗುರುತನ್ನೇ ಇಟ್ಟ. ಅದು ಕನ್ನಡದಲ್ಲಿ ಕ್ಷ ಆಯಿತು.

ಮೂಳೆಯಲ್ಲಿರುವ ಸುಣ್ಣದ ಅಂಶ ಈ ಕಿರಣವನ್ನು ತಡೆಯುತ್ತದೆ, ಗಾಳಿ ದಾಟಗೊಡುತ್ತದೆ. ಆದುದರಿಂದಲೇ ಚಿತ್ರದಲ್ಲಿ ಸೈನಸ್ಸು ಕಪ್ಪು, ಆಸ್ಟಿಯೋಮ ಬಿಳುಪು. ಮೂಳೆಯ ಸ್ಥಾನದಲ್ಲಿ ನಾರು ತುಂಬುವ ಫೈಬ್ರಸ್ ಡಿಸ್‌ಪ್ಲೇಸಿಯ ಉಜ್ಜಿದ ಗಾಜಿನಂತೆ ಮಸುಕಾಗಿ ತೋರುತ್ತದೆ, ಅದೂ ಕ್ಯಾನ್ಸರಲ್ಲ. ಸಂದೇಹ ಉಳಿದರೆ 1971ರಲ್ಲಿ ರೋಗಿಗಳ ಪರೀಕ್ಷೆಗೆ ಬಂದ ಸಿ.ಟಿ. ಸ್ಕ್ಯಾನ್ ಉಂಟು; ಅದಕ್ಕೂ ಆಧಾರ ಅದೇ ಕಿರಣ. ಕೆಲವೊಮ್ಮೆ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ತೀರ್ಮಾನ.

1901ರಲ್ಲಿ ಭೌತವಿಜ್ಞಾನದ ಮೊದಲ ನೊಬೆಲ್ ಬಹುಮಾನ ರಾಂಟ್ಜೆನ್ನನಿಗೆ ಬಂತು. ಹಣವನ್ನು ವಿಶ್ವವಿದ್ಯಾನಿಲಯಕ್ಕೆ ಕೊಟ್ಟ. ಶೋಧಕ್ಕೆ ಪೇಟೆಂಟ್ ಪಡೆಯಲಿಲ್ಲ. ಮಹಾಯುದ್ಧಾನಂತರದ ಹಣದುಬ್ಬರ ಆತನ ಉಳಿತಾಯವನ್ನು ನುಂಗಿತು. 1923ರ ಫೆಬ್ರವರಿ 10ರಂದು ಮ್ಯೂನಿಕ್‌ನಲ್ಲಿ ತೀರಿಕೊಂಡ. ಹಿರಿಯೂರು, ಹೊಸದುರ್ಗಗಳ ಕೂಲಿಯವನ ಮೂಳೆಯನ್ನೂ ಆ ಕಿರಣ ಅರಸನ ಮೂಳೆಯಂತೆಯೇ ತೋರಿಸುತ್ತದೆ.

ನನ್ನ ಗಂಟು ಈಗಲೂ ಇದೆ. ಅದೇನೆಂದು ಮಕ್ಕಳು ಕೇಳಿದರೆ, ಗೆಳೆಯನ ಹೆಸರು ಹೇಳದ ಹುಡುಗನ ಕಥೆಯಿಂದ ಆರಂಭಿಸುತ್ತೇನೆ.