ಮುಖವೇ ಮಾತಾದಾಗ: ಕಾರಂತರ ಯಕ್ಷಗಾನ ಸಾಹಸ

ಮಣಿಪಾಲ: ಯಕ್ಷಗಾನದಲ್ಲಿ ಪಾತ್ರ ಬಾಯಿ ತೆರೆಯುವ ಮೊದಲೇ ಮುಖ ಅದರ ಸ್ವಭಾವವನ್ನು ಸಾರಿರುತ್ತದೆ. ಮೀಸೆಯಿಲ್ಲದ ಮೊಗ ಕೃಷ್ಣನದು, ಹುರಿಮೀಸೆ ವೀರನದು, ಜಟೆ ಮತ್ತು ಬಿಳಿಗಡ್ಡ ಋಷಿಯದು, ದಪ್ಪ ಮೀಸೆ ರಕ್ಕಸನದು. ಈ ವೇಷಭಾಷೆಯನ್ನು ಆಳವಾಗಿ ಅಭ್ಯಸಿಸಿದವರಲ್ಲಿ ಡಾ. ಶಿವರಾಮ ಕಾರಂತರು ಪ್ರಮುಖರು.

1902ರ ಅಕ್ಟೋಬರ್ 10ರಂದು ಕೋಟದಲ್ಲಿ ಜನಿಸಿದ ಕಾರಂತರು ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜು ತೊರೆದವರು. 'ಚೋಮನ ದುಡಿ'ಯಂತಹ ಕಾದಂಬರಿಗಳಿಂದ ನಾಡಿಗೆ ಪರಿಚಿತರಾದರೂ, 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದದ್ದು 'ಯಕ್ಷಗಾನ ಬಯಲಾಟ' ಎಂಬ ಅಧ್ಯಯನ ಗ್ರಂಥಕ್ಕೆ. 'ಮೂಕಜ್ಜಿಯ ಕನಸುಗಳು' ಕೃತಿಗೆ 1977ರ ಜ್ಞಾನಪೀಠ ದೊರೆಯಿತು.

ಅಧ್ಯಯನಕ್ಕಷ್ಟೇ ಅವರು ತೃಪ್ತರಾಗಲಿಲ್ಲ. ತಮ್ಮ ಪ್ರಯೋಗಗಳಲ್ಲಿ ಮಾತನ್ನು ಬದಿಗಿರಿಸಿ ಹಾಡು, ಕುಣಿತ, ವೇಷಗಳಿಗೇ ಕಥೆಯ ಭಾರ ಹೊರಿಸಿದರು. ಪಿಟೀಲು, ಸ್ಯಾಕ್ಸೊಫೋನ್‌ಗಳನ್ನೂ ಬಳಸಿದರು. ಅರ್ಥಗಾರಿಕೆಯೇ ಯಕ್ಷಗಾನದ ಜೀವಾಳವೆಂದು ನಂಬಿದ್ದ ಸಂಪ್ರದಾಯಪ್ರಿಯರು ಇದನ್ನು ಬಲವಾಗಿ ವಿರೋಧಿಸಿದರು. ಮಾತಿಲ್ಲದ ಆಟದಲ್ಲಿ ಬಣ್ಣ ತಪ್ಪಿದರೆ ಪಾತ್ರವೇ ತಪ್ಪುತ್ತದೆ. ಆದ್ದರಿಂದ ಚೌಕಿಯಲ್ಲಿ ಬರೆಯುವ ಒಂದೊಂದು ಗೆರೆಯ ಹೊಣೆಯೂ ಹೆಚ್ಚಿತು.

ಕಾರಂತರು 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ, ತಮ್ಮ 95ನೇ ವಯಸ್ಸಿನಲ್ಲಿ ನಿಧನರಾದರು. ಮಾತು ಹೆಚ್ಚೋ ವೇಷ ಹೆಚ್ಚೋ ಎಂದು ಅವರು ಎತ್ತಿದ ಪ್ರಶ್ನೆ ಮಾತ್ರ ಕರಾವಳಿಯ ಕಲಾಪ್ರೇಮಿಗಳನ್ನು ಇನ್ನೂ ಕಾಡುತ್ತದೆ.